ಮಾವನ ಕಿವಿ ಚೆನ್ನಾಗೇ ಇತ್ತು: ಟವರ್ ಸ್ಪೀಕರ್‌ಗೆ ಎಷ್ಟು ದೊಡ್ಡ ರೂಮ್ ಬೇಕು?

ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮನೆ ಮಂಡ್ಯದಲ್ಲಿ. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಮಗಳ ಮದುವೆ ಸಾಲ ತೀರಿಸಿ, ಉಳಿದದ್ದರಲ್ಲಿ ತಮ್ಮ ಬಹಳ ವರ್ಷದ ಆಸೆಯೊಂದನ್ನು ಪೂರೈಸಿಕೊಂಡರು. ಹಾಡು ಕೇಳುವುದಕ್ಕೇ ಅಂತ ಮಹಡಿ ಮೇಲೆ ಒಂದು ರೂಮ್ ಕಟ್ಟಿಸಿದರು. ಉದ್ದ ಹತ್ತು ಅಡಿ, ಅಗಲ ಹತ್ತು ಅಡಿ, ಎತ್ತರ ಹತ್ತು ಅಡಿ. ಲೆಕ್ಕಕ್ಕೆ ಸುಲಭ ಅಂತ ಮೇಸ್ತ್ರಿಗೆ ಹೇಳಿದ್ದರಂತೆ. ಆಮೇಲೆ ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಎರಡು ಗಂಟೆ ಕೂತು ಹಾಡು ಕೇಳಿ, ಎರಡೂವರೆ ಲಕ್ಷ ಕೊಟ್ಟು ಒಂದು ಜೊತೆ ಟವರ್ ಸ್ಪೀಕರ್ ತಂದರು. ನೆಲದ ಮೇಲೆ ನಿಲ್ಲಿಸುವಂಥವು. ಮೂರೂವರೆ ಅಡಿ ಎತ್ತರ, ಒಂದೊಂದೂ 28 ಕೆಜಿ, ಒಂದೊಂದರಲ್ಲೂ ಎಂಟು ಇಂಚಿನ ಎರಡೆರಡು ವೂಫರ್.

ದೀಪಾವಳಿಗೆ ನಾನು ಹೋದಾಗ ಆ ರೂಮಿಗೆ ಬೀಗ ಹಾಕಿತ್ತು. ಯಾಕೆ ಮಾವ ಅಂದೆ.

"ಸ್ಪೀಕರ್ ಚೆನ್ನಾಗೈತೆ ಕಣ್ಲಾ. ನನ್ ಕಿವೀನೇ ಸರಿ ಇಲ್ಲ. ಅಂಗಡೀಲಿ ಪಿ.ಬಿ. ಶ್ರೀನಿವಾಸ್ ಎದುರಿಗೇ ಕೂತು ಹಾಡ್ದಂಗಿತ್ತು. ಇಲ್ಲಿ ಹಂಡೆ ಒಳಗೆ ಕೂತು ಹಾಡ್ದಂಗೆ ಕೇಳ್ತದೆ. ವಯಸ್ಸಾಯ್ತು, ಇನ್ನೇನು."

ಅಡುಗೆಮನೆಯಲ್ಲಿ ಅತ್ತೆ ಉಳಿದದ್ದು ಹೇಳಿದರು. ಮಾವ ಯಾರಿಗೂ ಹೇಳದೆ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ವಯಸ್ಸಿಗೆ ತಕ್ಕ ಹಾಗೆ ಎಲ್ಲ ಸರಿಯಿದೆ ಅಂತ ರಿಪೋರ್ಟು. ಮಾವ ನಂಬಿರಲಿಲ್ಲ. "ಅಷ್ಟು ದುಡ್ಡು ಹಾಕ್ಬುಟ್ಟು ಈಗ ಬಾಗ್ಲೇ ತೆಗೀತಿಲ್ಲ. ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲಪ್ಪ, ಒಸಿ ನೋಡು" ಅಂದರು ಅತ್ತೆ.

ನೋಡಿದೆ. ಮಂಡ್ಯ, ಮದ್ದೂರು, ಮಳವಳ್ಳಿ, ಹೀಗೆ ಮೂರು ಊರಿನ ಮೂರು ಮನೆಯಲ್ಲಿ ಅದೇ ಸ್ಪೀಕರ್ ಇಟ್ಟು ಕೇಳಿದ್ದಾಯಿತು. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾಳೆ ನೀವು ಕೆಲಸಕ್ಕೆ ಸೇರಿ ಮೊದಲ ಬೋನಸ್‌ನಲ್ಲಿ ದೊಡ್ಡ ಸ್ಪೀಕರ್ ತರುವ ಮೊದಲು ಒಂದು ಸಲ ಓದಿ. ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ರೂಮ್ ಕೂಡ ಒಂದು ವಾದ್ಯ

ಸ್ನಾನದ ಹಂಡೆಯಲ್ಲಿ ನೀರು ತುಂಬಿ ಒಂದು ಪಕ್ಕಕ್ಕೆ ಮೆಲ್ಲಗೆ ತಳ್ಳಿ. ನೀರು ಆಚೆ ದಡಕ್ಕೆ ಹೋಗಿ ವಾಪಸ್ ಬರುತ್ತೆ. ಅದು ವಾಪಸ್ ಬರುವ ಲಯಕ್ಕೇ ಸರಿಯಾಗಿ ಮತ್ತೆ ಮತ್ತೆ ತಳ್ಳುತ್ತಾ ಹೋದರೆ ನಾಲ್ಕೈದು ಸಲಕ್ಕೆ ನೀರು ಹಂಡೆಯಿಂದ ಹೊರಗೇ ಚೆಲ್ಲುತ್ತೆ. ಬೇರೆ ಲಯದಲ್ಲಿ ತಳ್ಳಿದರೆ ಅಷ್ಟು ಏಳುವುದಿಲ್ಲ.

ರೂಮಿನ ಗಾಳಿಯೂ ಹಾಗೇ. ಎದುರುಬದುರು ಎರಡು ಗೋಡೆ ಇದ್ದರೆ, ಅವುಗಳ ನಡುವೆ ಅರ್ಧ ತರಂಗದೂರ ಸರಿಯಾಗಿ ಹಿಡಿಸುವ ಸ್ವರವೊಂದು ಇರುತ್ತೆ. ಆ ಸ್ವರ ಬಂದಾಗ ಗೋಡೆಗೆ ಬಡಿದು ವಾಪಸ್ ಬಂದ ಅಲೆ, ಹೊಸದಾಗಿ ಹೊರಟ ಅಲೆಯ ಜೊತೆ ಸೇರಿಕೊಂಡು ಉಬ್ಬುತ್ತೆ. ಪಿಯುಸಿಯಲ್ಲಿ ಮುಚ್ಚಿದ ಕೊಳವೆಯ ಸ್ಥಾಯಿ ತರಂಗ ಅಂತ ಓದಿದ್ದೆವಲ್ಲ, ಅದೇ. ಇದಕ್ಕೆ ರೂಮ್ ಮೋಡ್ ಅಂತಾರೆ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1130 ಅಡಿ. ಅದರ ಅರ್ಧ 565. ಹಾಗಾಗಿ ಸೂತ್ರ ತುಂಬಾ ಸರಳ:

ಮೊದಲ ಮೋಡ್ (ಹರ್ಟ್ಸ್) = 565 ÷ ಎರಡು ಗೋಡೆಗಳ ನಡುವಿನ ಅಂತರ (ಅಡಿ)

ಎರಡನೇ ಮೋಡ್ ಇದರ ಎರಡರಷ್ಟು, ಮೂರನೆಯದು ಮೂರರಷ್ಟು. ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ, ಎತ್ತರಕ್ಕೊಂದು ಸಲ ಲೆಕ್ಕ ಹಾಕಬೇಕು.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಾವ ಪೇಪರಿನ ಅಂಚಿನಲ್ಲಿ ಬರೆದೇಬಿಟ್ಟಿದ್ದರು:

ಉದ್ದ: 565 ÷ 10 = 56.5
ಅಗಲ: 565 ÷ 10 = 56.5
ಎತ್ತರ: 565 ÷ 10 = 56.5

ಬರೆದು ಪೆನ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೂರೂ ಒಂದೇ ಕಡೆ ಬಿದ್ವಲ್ಲೋ" ಅಂದರು.

ಹೌದು. ಘನಾಕಾರದ ರೂಮಿನ ತೊಂದರೆ ಇದೇ. ಬೇರೆ ಬೇರೆ ಅಳತೆ ಇದ್ದಿದ್ದರೆ ಉಬ್ಬುಗಳು ಮೂರು ಕಡೆ ಹಂಚಿಹೋಗುತ್ತಿದ್ದವು. ಇಲ್ಲಿ ಮೂರೂ 56.5ರ ಮೇಲೆ ಒಂದರ ಮೇಲೊಂದು ಕೂತಿವೆ. ಎರಡನೇ ಸಾಲು ಮೂರೂ 113ರ ಮೇಲೆ. ಎರಡು ಜೊತೆ ಗೋಡೆಗಳ ನಡುವೆ ಓಡಾಡುವ ಮೋಡ್‌ಗಳು 80 ಹರ್ಟ್ಸ್ ಹತ್ತಿರ, ಆರೂ ಮುಖಕ್ಕೆ ಬಡಿಯುವುದು 98ರ ಹತ್ತಿರ. ನಡುವೆ ಖಾಲಿ.

ಈಗ ಸಂಗೀತಕ್ಕೆ ಬನ್ನಿ. ಬಾಸ್ ಗಿಟಾರಿನ ನಾಲ್ಕು ತಂತಿ ಬಿಟ್ಟು ಮೀಟಿದರೆ ಬರುವ ಸ್ವರಗಳು 41, 55, 73, 98 ಹರ್ಟ್ಸ್. ಅಂದರೆ ಎರಡನೇ ತಂತಿ ಮತ್ತು ನಾಲ್ಕನೇ ತಂತಿ ಮೀಟಿದಾಗ ಮಾವನ ರೂಮ್ ಗುಂ ಅನ್ನುತ್ತೆ, ಮೂರನೇ ತಂತಿಗೆ ಅಷ್ಟಾಗಿ ಅಲುಗುವುದಿಲ್ಲ. ಬಾಸ್ ವಾದಕ ಒಂದೇ ಸಮ ನುಡಿಸಿದ್ದರೂ ಕೇಳುವವರಿಗೆ ಎರಡೇ ಸ್ವರ ಎದ್ದು ಕಾಣುತ್ತೆ. ಇನ್ನು ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 155 ಹರ್ಟ್ಸ್ ಒಳಗೆ. 113 ಅದರ ನಟ್ಟನಡುವೆ. ಹಂಡೆ ಒಳಗೆ ಕೂತು ಹಾಡಿದಂತೆ ಅಂತ ಮಾವ ಹೇಳಿದ್ದರಲ್ಲ, ಅದು ಉಪಮೆ ಅಲ್ಲ, ಸರಿಯಾದ ವರದಿ.

ಕಿವಿ ಪರೀಕ್ಷೆಯ ಚೀಟಿಯನ್ನೂ ತೆಗೆಸಿ ನೋಡಿದೆ. ಗ್ರಾಫ್ 250 ಹರ್ಟ್ಸ್‌ನಿಂದ ಶುರುವಾಗಿ 8000ಕ್ಕೆ ಮುಗಿಯುತ್ತಿತ್ತು. ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದೇ ಹಾಗೆ, ಮಾತು ಅರ್ಥವಾಗಲು ಬೇಕಾದ ವ್ಯಾಪ್ತಿ ಅದು. ಮಾವನನ್ನು ಕಾಡಿದ್ದು 56 ಮತ್ತು 113. ತೊಂದರೆ ಆ ಕಾಗದದ ಹೊರಗಡೆ ಇತ್ತು, ಮತ್ತು ಅವರ ತಲೆಯ ಹೊರಗಡೆಯೂ ಇತ್ತು.

ಕುರ್ಚಿ ಎಳೆದು ನೋಡಿದ ಪರೀಕ್ಷೆ

ಲೆಕ್ಕ ಸರಿ, ಆದರೆ ಮೇಷ್ಟ್ರಿಗೆ ತಾಳೆ ನೋಡದೆ ಸಮಾಧಾನ ಇಲ್ಲ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 56 ಹರ್ಟ್ಸ್‌ನ ಒಂದೇ ಸ್ವರ ಬಿಟ್ಟೆ. ಮಾವನ ಕುರ್ಚಿ ಹಿಂದಿನ ಗೋಡೆಗೆ ಒರಗಿಕೊಂಡಿತ್ತು. ಅಲ್ಲಿ ಕೂತರೆ ಎದೆ ನಡುಗುತ್ತಿತ್ತು. "ಈಗ ಎದ್ದು ಮೆಲ್ಲಗೆ ಮುಂದಕ್ಕೆ ನಡೀರಿ ಮಾವ" ಅಂದೆ. ಎರಡು ಹೆಜ್ಜೆ, ಮೂರು ಹೆಜ್ಜೆ. ರೂಮಿನ ಮಧ್ಯಕ್ಕೆ ಬಂದಾಗ ನಿಂತುಬಿಟ್ಟರು. "ಆಫ್ ಮಾಡ್ದೇನ್ಲಾ?"

ಆಫ್ ಮಾಡಿರಲಿಲ್ಲ. ಮೊದಲ ಮೋಡ್‌ನ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ನಟ್ಟನಡುವೆ ಅತಿ ಕಡಿಮೆ. ಕೊಳವೆಯ ಪಾಠದಲ್ಲಿ ಬರುವ ನೋಡ್, ಆಂಟಿನೋಡ್ ಇದೇ. ಫೋನಿನ ಡೆಸಿಬೆಲ್ ಮೀಟರಿನಲ್ಲಿ ಎರಡು ಜಾಗದ ನಡುವೆ 17 ಡೆಸಿಬೆಲ್ ವ್ಯತ್ಯಾಸ ಬಂತು. ಒಂದು ಎಚ್ಚರಿಕೆ: ಫೋನಿನ ಮೈಕು ಕೆಳಗಿನ ಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಅದು ತೋರಿಸುವ ಅಂಕಿಯನ್ನು ನೇರವಾಗಿ ನಂಬಬೇಡಿ. ಆದರೆ ಅದೇ ಫೋನಿನಲ್ಲಿ ಅದೇ ಸ್ವರವನ್ನು ಎರಡು ಜಾಗದಲ್ಲಿ ಅಳೆದಾಗ ಬರುವ ವ್ಯತ್ಯಾಸವನ್ನು ನಂಬಬಹುದು. ಇನ್ನೂ ಸರಿಯಾಗಿ ಬೇಕಾದರೆ ಅಳತೆಯ ಮೈಕ್ ಒಂದನ್ನು ತಂದು, ಪುಕ್ಕಟೆ ಸಿಗುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಬಳಸಿ.

ಮಾವ ಮೂರು ಸಲ ಹಿಂದೆ ಮುಂದೆ ನಡೆದರು. ಆ ಹೊತ್ತಿನವರೆಗೆ ಅವರು ನನ್ನ ಮಾತನ್ನು ಸಮಾಧಾನಕ್ಕೆ ಹೇಳಿದ್ದು ಅಂತಲೇ ತಿಳಿದಿದ್ದರು ಅನ್ನಿಸುತ್ತೆ. ಮೂರನೇ ಸಲ ಮಧ್ಯದಲ್ಲಿ ನಿಂತು ನಕ್ಕರು. ಕಿವಿ ಹೋಗಿದ್ದರೆ ಎಲ್ಲಾ ಕಡೆಯೂ ಹೋಗಿರಬೇಕು, ಮೂರು ಹೆಜ್ಜೆಗೆ ಬಂದು ಹೋಗುವುದಿಲ್ಲ.

ಹಾಗಾದರೆ ಸ್ಪೀಕರ್ ಕೆಟ್ಟದ್ದಾ?

ಅಲ್ಲ. ಅದು ಒಳ್ಳೆಯ ಸ್ಪೀಕರೇ. ಆದರೆ ದೊಡ್ಡ ಜಾಗಕ್ಕೆ ಮಾಡಿದ್ದು. ಚಿಕ್ಕ ರೂಮಿನಲ್ಲಿ ಟವರ್ ಸೋಲುವುದಕ್ಕೆ ಮೂರು ಕಾರಣ.

ಮೊದಲನೆಯದು, ರೂಮೇ ಬಾಸ್ ಸೇರಿಸುತ್ತೆ. ಅತಿ ಕೆಳಗಿನ ಮೋಡ್‌ಗಿಂತ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅಲೆಗೆ ಓಡಾಡಲು ಜಾಗ ಇರುವುದಿಲ್ಲ. ಸೈಕಲ್ ಪಂಪ್ ಒತ್ತಿದಂತೆ ಇಡೀ ರೂಮಿನ ಒತ್ತಡ ಒಟ್ಟಿಗೆ ಏರಿಳಿಯುತ್ತೆ. ಪುಸ್ತಕದ ಲೆಕ್ಕದಲ್ಲಿ ಸ್ವರ ಒಂದು ಆಕ್ಟೇವ್ ಕೆಳಗಿಳಿದಂತೆಲ್ಲ 12 ಡೆಸಿಬೆಲ್‌ವರೆಗೆ ಸಹಾಯ ಸಿಗುತ್ತೆ. ನಿಜವಾದ ಮನೆಯಲ್ಲಿ ಬಾಗಿಲು, ಕಿಟಕಿ ಸಂದಿನಿಂದ ಸೋರಿ ಅದಕ್ಕಿಂತ ಕಡಿಮೆ. ಟವರ್ ಸ್ಪೀಕರ್ ಗೋಡೆಗಳೇ ಇಲ್ಲದ ಕಡೆಯೂ 30 ಹರ್ಟ್ಸ್‌ವರೆಗೆ ಪೂರ್ತಿ ಬಾಸ್ ಕೊಡುವಂತೆ ವಿನ್ಯಾಸ ಆಗಿರುತ್ತೆ. ಅದರ ಮೇಲೆ ರೂಮ್ ಇನ್ನಷ್ಟು ಸೇರಿಸಿದರೆ ಅತಿಯಾಗುತ್ತೆ. ಐದು ಇಂಚಿನ ವೂಫರ್ ಇರುವ ಪುಟ್ಟ ಸ್ಪೀಕರ್ ಆದರೆ 60 ಹರ್ಟ್ಸ್ ಆಸುಪಾಸಿನಲ್ಲೇ ಕೈಬಿಡುತ್ತೆ. ಅದು ಬಿಟ್ಟ ಜಾಗದಿಂದ ರೂಮ್ ಎತ್ತಿ ಹಿಡಿಯುತ್ತೆ. ಒಂದರ ಕೊರತೆ ಇನ್ನೊಂದರಿಂದ ಭರ್ತಿ.

ಬಿಬಿಸಿ ಎಂಜಿನಿಯರುಗಳು 1970ರ ದಶಕದಲ್ಲಿ ಎಲ್‌ಎಸ್ 3/5ಎ ಅನ್ನುವ ಸ್ಪೀಕರ್ ಮಾಡಿದರು. ಎತ್ತರ ಸುಮಾರು ಒಂದು ಅಡಿ, ವೂಫರ್ ಐದು ಇಂಚು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವುದಕ್ಕೆ ಅಂತಲೇ ಮಾಡಿದ್ದು ಅದು. ಇಷ್ಟು ಇಕ್ಕಟ್ಟಿಗೆ ಇಷ್ಟೇ ಸ್ಪೀಕರ್ ಅಂತ ಜಾಗದಿಂದ ಶುರುಮಾಡಿ ಸ್ಪೀಕರ್‌ಗೆ ಬಂದರು. ಇವತ್ತಿಗೂ ಚಿಕ್ಕ ರೂಮಿನವರು ಅದನ್ನು ಹುಡುಕಿ ತರುತ್ತಾರೆ. ನಾವು ತಿರುವುಮುರುವು ಮಾಡುತ್ತೇವೆ, ಮೊದಲು ಸ್ಪೀಕರ್, ಆಮೇಲೆ ಜಾಗ.

ಎರಡನೆಯದು, ದೂರ ಸಾಲದು. ಟವರ್‌ನಲ್ಲಿ ವೂಫರು, ಮಿಡ್‌ರೇಂಜು, ಟ್ವೀಟರು ಎಲ್ಲಾ ಸೇರಿ ಮೂರು ಅಡಿ ಉದ್ದಕ್ಕೆ ಹರಡಿಕೊಂಡಿರುತ್ತವೆ. ಅವುಗಳ ದನಿ ಬೆರೆತು ಒಂದಾಗಿ ಕೇಳಬೇಕಾದರೆ ಎಂಟರಿಂದ ಹತ್ತು ಅಡಿ ದೂರ ಕೂರಬೇಕು. ಮಾವನ ರೂಮಿನ ಜಮಾ ಖರ್ಚು ನೋಡಿ: ಒಟ್ಟು 10 ಅಡಿ. ಸ್ಪೀಕರ್ ಹಿಂದೆ 2 ಅಡಿ ಬಿಡಿ, ಸ್ಪೀಕರ್‌ನ ಆಳ ಒಂದೂಕಾಲು ಅಡಿ, ತಲೆಯ ಹಿಂದೆ 2 ಅಡಿ ಬಿಡಿ. ಉಳಿದದ್ದು 4.75 ಅಡಿ. ಅಷ್ಟು ಹತ್ತಿರ ಕೂತರೆ ವೂಫರ್ ಕೆಳಗಿಂದ, ಟ್ವೀಟರ್ ಮೇಲಿಂದ ಬೇರೆ ಬೇರೆಯಾಗೇ ಕೇಳುತ್ತೆ.

ಮೂರನೆಯದು, ಶಕ್ತಿ ವ್ಯರ್ಥ. ಆ ಸ್ಪೀಕರ್‌ನ ಸೆನ್ಸಿಟಿವಿಟಿ 90 ಡೆಸಿಬೆಲ್, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 90. ಮಾವ ಕೂರುವ 1.45 ಮೀಟರಿಗೆ 3 ಕಡಿಮೆಯಾಗಿ, ಎರಡು ಸ್ಪೀಕರ್ ಇರುವುದರಿಂದ 3 ಸೇರಿ ಮತ್ತೆ 90ಕ್ಕೇ ಬಂತು. ಅವರು ಕೇಳುವುದು ಸರಾಸರಿ 75ರಲ್ಲಿ. 15 ಡೆಸಿಬೆಲ್ ಕಡಿಮೆ ಅಂದರೆ 1 ವ್ಯಾಟಿನ 32ರಲ್ಲಿ ಒಂದು ಭಾಗ! ಹಾಡಿನ ಏರು ಇನ್ನೂ 20 ಡೆಸಿಬೆಲ್ ಮೇಲೆ ಹೋದರೂ ಸುಮಾರು 3 ವ್ಯಾಟ್ ಸಾಕು. 200 ವ್ಯಾಟ್ ಆಂಪ್ಲಿಫೈಯರ್ ಹಾಗೇ ಕೂತಿತ್ತು.

ಅಂಗಡಿಯವನಿಗೆ ರೂಮಿನ ಅಳತೆ ಹೇಳಿದ್ದಿರಾ ಅಂತ ಕೇಳಿದೆ. "ಹೇಳ್ದೆ. ಚಿಕ್ಕ ರೂಮಾದ್ರೆ ಇನ್ನೂ ಚೆನ್ನಾಗಿ ತುಂಬ್ಕೊಳ್ಳುತ್ತೆ ಸಾರ್ ಅಂದ." ಆತ ಹೇಳಿದ್ದು ನಿಜ. ತುಂಬಿಕೊಂಡು ಚೆಲ್ಲಿತ್ತು.

ಮೊಟ್ಟೆ ಟ್ರೇ ಯಾಕೆ ಕೆಲಸ ಮಾಡಲ್ಲ

ನಮ್ಮ ಹಾಸ್ಟೆಲಲ್ಲಿ ಬ್ಯಾಂಡ್ ಕಟ್ಟಿದವರು ಮೊದಲು ಮಾಡುವ ಕೆಲಸ ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು. ಮಾವನಿಗೂ ಯಾರೋ ಅದನ್ನೇ ಹೇಳಿದ್ದರು. ಇಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಒಂದೇ ಮಾತ್ರೆ ಕೊಡಬಾರದು.

ಒಂದು ರೋಗ, ಪ್ರತಿಧ್ವನಿಯ ಗದ್ದಲ. ಇದನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್. ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತು ಒಂದಕ್ಕೊಂದು ಕಲಸಿಹೋಗಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಮಾಡುವ ಕೆಲಸ ಯುವ ಭೌತಶಾಸ್ತ್ರಜ್ಞ ಸೇಬಿನ್ ಹೆಗಲಿಗೆ ಬಿತ್ತು. ಅವರು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು, ಆರ್ಗನ್ ಕೊಳವೆ ಊದಿ, ದನಿ ಅಡಗುವ ಹೊತ್ತನ್ನು ಗಡಿಯಾರ ಹಿಡಿದು ಅಳೆದು, ಬೆಳಗಾಗುವುದರೊಳಗೆ ಮೆತ್ತೆ ವಾಪಸ್ ಇಡುತ್ತಿದ್ದರು. ಅದರಿಂದ ಬಂದ ಸೂತ್ರ ಇವತ್ತಿಗೂ ನಮ್ಮ ಸಿಲಬಸ್ಸಿನಲ್ಲಿದೆ:

ದನಿ 60 ಡೆಸಿಬೆಲ್ ಇಳಿಯುವ ಕಾಲ (ಸೆಕೆಂಡ್) = 0.161 × ಗಾತ್ರ (ಘನ ಮೀಟರ್) ÷ ಒಟ್ಟು ಹೀರುವಿಕೆ (ಚದರ ಮೀಟರ್)

ಹೀರುವಿಕೆಗೆ ಸೇಬಿನ್ ಇಟ್ಟುಕೊಂಡ ಅಳತೆಗೋಲು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಶಬ್ದ ವಾಪಸ್ ಬರುವುದಿಲ್ಲ, ಆದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿ ಅಂದರೆ ಒಂದು ಪೂರ್ತಿ ಅಂಕ.

ಮಾವನ ರೂಮ್ 28.3 ಘನ ಮೀಟರ್. ಆರೂ ಮುಖ ಸೇರಿ 55.7 ಚದರ ಮೀಟರ್. ಸಿಮೆಂಟ್ ಗಾರೆ, ವಿಟ್ರಿಫೈಡ್ ಟೈಲ್ಸ್ ಎಲ್ಲಾ ಸರಾಸರಿ ನೂರಕ್ಕೆ 3 ಭಾಗ ಹೀರುತ್ತವೆ ಅಂತ ಇಟ್ಟುಕೊಂಡರೆ ಒಟ್ಟು 1.67. ಕಾಲ ಸುಮಾರು 2.7 ಸೆಕೆಂಡ್. ಕಲ್ಯಾಣ ಮಂಟಪದ ಹಾಗೆ! ಒಂದು ಹತ್ತಿಯ ಹಾಸಿಗೆ ಗೋಡೆಗೆ ಒರಗಿಸಿ, ದಪ್ಪ ಪರದೆ ಇಳಿಬಿಟ್ಟು, ಇಬ್ಬರು ಕೂತರೆ ಒಟ್ಟು ಹೀರುವಿಕೆ 6.6ರ ಹತ್ತಿರ ಬರುತ್ತೆ, ಕಾಲ 0.7 ಸೆಕೆಂಡಿಗೆ ಇಳಿಯುತ್ತೆ. ಹಾಡು ಕೇಳಲು ಅಡ್ಡಿಯಿಲ್ಲ. ಖರ್ಚೂ ಇಲ್ಲ, ಹಾಸಿಗೆ ಅತ್ತೆಯ ಅಟ್ಟದಲ್ಲಿತ್ತು.

ಎರಡನೇ ರೋಗ, ಮೋಡ್‌ಗಳ ಉಬ್ಬು. ಇದಕ್ಕೆ ಹಾಸಿಗೆ ಸಾಲದು. 56.5 ಹರ್ಟ್ಸ್‌ನ ತರಂಗದೂರ 20 ಅಡಿ. ಗೋಡೆಗೆ ಅಂಟಿಸಿದ ನಾರಿನ ವಸ್ತು ಒಂದು ಸ್ವರವನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ತರಂಗದೂರದ ಕಾಲು ಭಾಗದ ಆಸುಪಾಸಿಗೆ ಬರಬೇಕು. ಇಲ್ಲಿ ಐದು ಅಡಿ! ಒಂದು ಇಂಚಿನ ಫೋಮ್‌ಗೂ ಮೊಟ್ಟೆ ಟ್ರೇಗೂ ಈ ಅಲೆ ಗೊತ್ತೇ ಆಗುವುದಿಲ್ಲ. ಅವು ಮೇಲಿನ ಸ್ವರಗಳನ್ನಷ್ಟೇ ತಿಂದು, ಗುಂ ಅನ್ನುವುದನ್ನು ಹಾಗೇ ಬಿಟ್ಟು, ರೂಮನ್ನು ಇನ್ನೂ ಮಂಕು ಮಾಡುತ್ತವೆ. ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ ಒಂದೂವರೆ, ಎರಡು ಅಡಿ ದಪ್ಪಕ್ಕೆ ರಾಕ್‌ವುಲ್ ತುಂಬಿದರೆ ಅಷ್ಟಿಷ್ಟು ಗುಣ ಕಾಣುತ್ತೆ. ಆದರೆ ಹತ್ತು ಅಡಿ ರೂಮಿನಲ್ಲಿ ಅಷ್ಟು ತುಂಬಿದರೆ ಕೂರುವುದೆಲ್ಲಿ?

ಎಲ್ಲಿಯವರೆಗೆ ಮೋಡ್‌ಗಳ ಆಳ್ವಿಕೆ, ಎಲ್ಲಿಂದ ಮಾಮೂಲಿ ಪ್ರತಿಧ್ವನಿ ಅನ್ನುವುದಕ್ಕೆ ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್ ಒಂದು ಗಡಿ ಕೊಟ್ಟಿದ್ದಾರೆ. ಮೇಲಿನ ಕಾಲವನ್ನು ಗಾತ್ರದಿಂದ ಭಾಗಿಸಿ, ವರ್ಗಮೂಲ ತೆಗೆದು, 2000ದಿಂದ ಗುಣಿಸಿ. ಮಾವನ ರೂಮಿಗೆ ಸುಮಾರು 310 ಹರ್ಟ್ಸ್ ಬಂತು. ಅಂದರೆ ಬಾಸ್ ಅಷ್ಟೇ ಅಲ್ಲ, ಗಾಯಕನ ದನಿಯ ತಳಭಾಗವೂ ರೂಮಿನ ಕೈಯಲ್ಲೇ.

ನಾವು ಮಾಡಿದ ಕೈಮದ್ದು ಇಷ್ಟು: ಸ್ಪೀಕರನ್ನು ಮೂಲೆಯಿಂದ ಈಚೆಗೆ ತಂದೆವು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಬಿಡಿಸಿ, ನಟ್ಟನಡುವೆಯೂ ಅಲ್ಲದೆ, ಹಿಂಗೋಡೆಯಿಂದ ಸುಮಾರು ಮೂರೂಮುಕ್ಕಾಲು ಅಡಿಗೆ ಇಟ್ಟೆವು. ಸ್ಪೀಕರ್ ಹಿಂದಿನ ಗಾಳಿ ರಂಧ್ರಕ್ಕೆ ಹಳೆಯ ಕಾಲುಚೀಲ ಸುತ್ತಿ ತುರುಕಿದೆವು. ಈಕ್ವಲೈಸರಿನಲ್ಲಿ 56ರ ಉಬ್ಬನ್ನು ಇಳಿಸಿದೆವು. ಉಬ್ಬನ್ನು ಹೀಗೆ ಇಳಿಸಬಹುದು, ಆದರೆ ತಗ್ಗನ್ನು ತುಂಬಲು ಹೋಗಬೇಡಿ. ಅಲ್ಲಿ ಅಲೆಗಳು ಒಂದನ್ನೊಂದು ಅಳಿಸುತ್ತಿರುತ್ತವೆ, ಎಷ್ಟು ಸುರಿದರೂ ಅಷ್ಟೂ ಅಳಿಸಿಹೋಗುತ್ತೆ. ಇಷ್ಟೆಲ್ಲ ಮಾಡಿ ರೂಪಾಯಿಗೆ ಎಂಟಾಣೆ ಸರಿಹೋಯಿತು. ಮಿಕ್ಕ ಎಂಟಾಣೆ ಗೋಡೆಯ ಕೈಯಲ್ಲಿತ್ತು.

ಮದ್ದೂರಿನ ಹಾಲ್

ಸ್ಪೀಕರ್ ನಿಜವಾಗಿ ಹೇಗೆ ಹಾಡುತ್ತೆ ಅಂತ ತಿಳಿಯಲು ದೊಡ್ಡ ಜಾಗ ಬೇಕಿತ್ತು. ಮದ್ದೂರಿನಲ್ಲಿ ನಮ್ಮ ಮನೆಯ ಹಾಲ್ 19 ಅಡಿ ಉದ್ದ, 13 ಅಡಿ ಅಗಲ, 10 ಅಡಿ ಎತ್ತರ. ಒಂದು ಭಾನುವಾರ ಟಾಟಾ ಏಸ್ ಮಾಡಿಕೊಂಡು, ಸ್ಪೀಕರ್‌ಗೆ ಕಂಬಳಿ ಸುತ್ತಿ ಹೊರಟೆವು. ಮಾವ ಮುಂದೆ ಕೂರಲಿಲ್ಲ, ಹಿಂದೆ ಸ್ಪೀಕರ್ ತಬ್ಬಿಕೊಂಡು ಕೂತಿದ್ದರು.

ಲೆಕ್ಕ ಮೊದಲೇ ಹಾಕಿದ್ದೆವು. ಉದ್ದಕ್ಕೆ 29.7, ಎರಡನೆಯದು 59.5. ಅಗಲಕ್ಕೆ 43.5, ಎರಡನೆಯದು 87. ಎತ್ತರಕ್ಕೆ 56.5. ಎತ್ತರದ ಮೊದಲನೆಯದೂ ಉದ್ದದ ಎರಡನೆಯದೂ ಸ್ವಲ್ಪ ಹತ್ತಿರ ಇವೆ, ಅದು ಬಿಟ್ಟರೆ ಒಂದರ ಮೇಲೊಂದು ಕೂತಿಲ್ಲ, ಮೆಟ್ಟಿಲಿನ ಹಾಗೆ ಹಂಚಿಕೊಂಡಿವೆ. ಗಾತ್ರ 70 ಘನ ಮೀಟರ್, ಮಂಡ್ಯದ ರೂಮಿನ ಎರಡೂವರೆ ಪಟ್ಟು. ಸೋಫಾ, ಪರದೆ, ಜಮಖಾನ ಇರುವುದರಿಂದ ಕಾಲ 0.6 ಸೆಕೆಂಡ್ ಅಂತ ಇಟ್ಟುಕೊಂಡರೆ ಶ್ರೋಡರ್ ಗಡಿ 185ಕ್ಕೆ ಇಳಿಯುತ್ತೆ. ಗಾಯಕನ ದನಿಯ ಬಹುಭಾಗ ರೂಮಿನ ಹಿಡಿತದಿಂದ ಬಿಡುಗಡೆ.

ಸ್ಪೀಕರ್ ಹಿಂದೆ ಮೂರು ಅಡಿ ಬಿಟ್ಟು, ಒಂದರಿಂದೊಂದು ಎಂಟು ಅಡಿ ದೂರ ನಿಲ್ಲಿಸಿ, ಒಂಬತ್ತು ಅಡಿ ಹಿಂದೆ ಕುರ್ಚಿ ಹಾಕಿದೆವು. ಕಾಲುಚೀಲ ತೆಗೆದೆವು. ಮಾವ ಪಿ.ಬಿ. ಶ್ರೀನಿವಾಸ್ ಹಾಕಿದರು.

ನಾನು ಅಳೆಯಲು ಫೋನ್ ತೆಗೆದಿದ್ದೆ. ಮಾವ ಕೈ ಸನ್ನೆ ಮಾಡಿ ಇಡು ಅಂದರು. ಅಮ್ಮ, ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತರು. ನಾಲ್ಕು ಹಾಡು ಆಗುವವರೆಗೆ ಯಾರೂ ಮಾತಾಡಲಿಲ್ಲ. ತಂದಿಟ್ಟ ಮದ್ದೂರು ವಡೆ ತಟ್ಟೆಯಲ್ಲೇ ಆರಿತು.

ಮಳವಳ್ಳಿಯ ತೊಟ್ಟಿ ಮನೆ

ಗಾಡಿ ಇಡೀ ದಿನಕ್ಕೆ ಮಾತಾಡಿದ್ದೆವು. "ಅವ್ವನೂ ಒಂದ್ಸಲ ಕೇಳ್ಲಿ" ಅಂತ ಮಾವ ಹಟ ಹಿಡಿದರು. ಮಳವಳ್ಳಿ ಹತ್ತಿರದ ಅಜ್ಜಿ ಮನೆ ಹಳೆಯ ತೊಟ್ಟಿ ಮನೆ. ನಡುವೆ ಎಂಟಡಿ ಚೌಕದ ತೆರೆದ ತೊಟ್ಟಿ, ಸುತ್ತ ಕಂಬ, ಮೇಲೆ ಇಳಿಜಾರಿನ ಮಂಗಳೂರು ಹೆಂಚು.

ಇಲ್ಲಿ ನನ್ನ ಸೂತ್ರ ನಡೆಯಲಿಲ್ಲ. 565ನ್ನು ಭಾಗಿಸಲು ಎದುರುಬದುರು ಪೂರ್ತಿ ಗೋಡೆಗಳೇ ಇಲ್ಲ. ಸೇಬಿನ್‌ರ ತೆರೆದ ಕಿಟಕಿ ನೆನಪಿಸಿಕೊಳ್ಳಿ. ಎಂಟಡಿ ಚೌಕ ಅಂದರೆ 64 ಚದರ ಅಡಿ, 5.9 ಚದರ ಮೀಟರ್. ಮಂಡ್ಯದ ರೂಮಿನ ಆರೂ ಮುಖ ಸೇರಿ ಹೀರುವುದರ ಮೂರೂವರೆ ಪಟ್ಟನ್ನು ಈ ತೊಟ್ಟಿ ಒಂದೇ ಆಕಾಶಕ್ಕೆ ಕಳಿಸುತ್ತೆ. ಗುಂ ಅನ್ನುವುದು ಒಂದಿಷ್ಟೂ ಇರಲಿಲ್ಲ. ಆದರೆ ಬಾಸ್ ಸೊರಗಿತು. ಪಂಪ್‌ಗೆ ತೂತು ಬಿದ್ದ ಹಾಗೆ, ರೂಮಿನಿಂದ ಸಿಗುವ ಸಹಾಯ ಶೂನ್ಯ.

ಜಗುಲಿಯಲ್ಲಿ ಕೂತು ಕೇಳಿದ ಅಜ್ಜಿ ಒಂದೇ ಮಾತಲ್ಲಿ ಹೇಳಿದರು: "ಚೆಂದಾಗೈತೆ ಕಣಪ್ಪ, ಆದ್ರೆ ದನಿ ಎಲ್ಲಾ ಮ್ಯಾಕೆ ಹೋಯ್ತಾ ಐತೆ."

ಸರಿಯಾಗೇ ಹೇಳಿದರು. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತೆ. ತೊಟ್ಟಿಯ ಈಚೆ 4 ಮೀಟರ್ ದೂರ ಕೂತರೆ, ಪ್ರತಿಫಲನ ಲೆಕ್ಕಕ್ಕೆ ಹಿಡಿಯದೆ, ಎರಡೂ ಸ್ಪೀಕರ್ ಸೇರಿ 1 ವ್ಯಾಟಿಗೆ 81. ಸರಾಸರಿ 85ರಲ್ಲಿ ಕೇಳಿ, ಏರಿಗೆ ಇನ್ನೂ 20 ಬಿಟ್ಟುಕೊಂಡರೆ 105 ಬೇಕು. 24 ಡೆಸಿಬೆಲ್ ಹೆಚ್ಚು ಅಂದರೆ ಸುಮಾರು 250 ವ್ಯಾಟ್. ಮಂಡ್ಯದಲ್ಲಿ 3 ವ್ಯಾಟ್ ಸಾಕಾಗಿದ್ದ ಅದೇ ಆಂಪ್ಲಿಫೈಯರು ಇಲ್ಲಿ ಉಸಿರುಗಟ್ಟುತ್ತಿತ್ತು. ಇನ್ನೂ ಜೋರು ಮಾಡಿದಾಗ ಹೆಂಚು ಗಡಗಡ ಅಂತು, ಅಜ್ಜಿ ನಿಲ್ಲಿಸ್ರಪ್ಪಾ ಅಂದರು.

ತರುವ ಮೊದಲು ಮಾಡಬೇಕಾದದ್ದು

1. ಅಳತೆ ಟೇಪು ಹಿಡಿಯಿರಿ. ಉದ್ದ, ಅಗಲ, ಎತ್ತರ ಮೂರರಿಂದಲೂ 565 ಭಾಗಿಸಿ. ಮೂರು ಅಂಕಿ ಹತ್ತಿರ ಹತ್ತಿರ ಬಂದರೆ, ಅಥವಾ ಒಂದು ಇನ್ನೊಂದರ ನೇರ ಎರಡು ಪಟ್ಟಾದರೆ, ದೊಡ್ಡ ವೂಫರ್ ಆಸೆ ಬಿಡಿ.

2. ದೂರದ ಜಮಾ ಖರ್ಚು ಬರೆಯಿರಿ. ಸ್ಪೀಕರ್ ಹಿಂದೆ 2ರಿಂದ 3 ಅಡಿ, ತಲೆ ಹಿಂದೆ 2 ಅಡಿಗೂ ಹೆಚ್ಚು ಬಿಟ್ಟ ಮೇಲೆ ಎಂಟು ಅಡಿ ಉಳಿದರೆ ಟವರ್ ಯೋಚಿಸಿ. ಐದಾರು ಅಡಿ ಉಳಿದರೆ ಸ್ಟ್ಯಾಂಡ್ ಮೇಲಿಡುವ ಬುಕ್‌ಶೆಲ್ಫ್ ಸ್ಪೀಕರೇ ಸರಿ.

3. ನನ್ನ ಅಂದಾಜಿಗೆ, 1200 ಘನ ಅಡಿಯೊಳಗಿನ ರೂಮಿಗೆ ಐದರಿಂದ ಆರೂವರೆ ಇಂಚಿನ ಒಂದೇ ವೂಫರ್. 2000 ಘನ ಅಡಿ ದಾಟಿದರೆ ಟವರ್. ನಡುವಿನದ್ದಾದರೆ ಆರೂವರೆ ಇಂಚಿನ ಸಣ್ಣ ಟವರ್. ಇದು ಕಾನೂನಲ್ಲ, ಶುರು ಮಾಡುವ ಜಾಗ.

4. ಮನೆಯಲ್ಲಿ ಇಟ್ಟು ಕೇಳಿ ನೋಡಲು ಕೊಡುತ್ತೀರಾ ಅಂತ ಅಂಗಡಿಯಲ್ಲಿ ಕೇಳಿ. ಕೊಡದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

5. ಮನೆ ಕಟ್ಟುವವರಿದ್ದರೆ ಚೌಕ ರೂಮ್ ಬೇಡ ಅನ್ನಿ. ಅಡಿಪಾಯದ ಹೊತ್ತಿನಲ್ಲಿ ಒಂದು ಗೋಡೆಯನ್ನು ಮೂರಡಿ ಜರುಗಿಸುವುದು ಸುಲಭ, ಆಮೇಲೆ ಯಾವ ಈಕ್ವಲೈಸರೂ ಜರುಗಿಸಲ್ಲ.

ಕೊನೆಗೆ ಏನಾಯ್ತು

ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಮಾರಿದರೆ ಅರ್ಧ ದುಡ್ಡೂ ಬರುತ್ತಿರಲಿಲ್ಲ. ಮದ್ದೂರಿನಲ್ಲೇ ಬಿಟ್ಟು ಹೋಗಿ ಅಂತ ನಾನು ಅಂದೆ, ಸ್ವಲ್ಪ ಆಸೆಯಿಂದಲೇ. ದಾರಿ ತೋರಿಸಿದ್ದು ಅತ್ತೆ. ಮಂಡ್ಯದ ಮನೆಯ ಕೆಳಗಿನ ಹಾಲ್ 17 ಅಡಿ ಉದ್ದ, 12 ಅಡಿ ಅಗಲ, ಒಂದು ಕಡೆ ಊಟದ ಜಾಗಕ್ಕೆ ತೆರೆದುಕೊಂಡಿದೆ. ಅಲ್ಲಿ ಅತ್ತೆಯ ಟಿವಿ ಇತ್ತು. "ಟಿವಿ ಮೇಲಕ್ಕೆ ಹೋಗ್ಲಿ, ಇವು ಕೆಳಕ್ಕೆ ಬರ್ಲಿ. ಧಾರಾವಾಹಿಗೆ ಯಾವ ರೂಮಾದ್ರೇನು" ಅಂದರು. ಮಾವ ಆಗಲೇ ಪೇಪರ್ ತೆಗೆದು 565 ÷ 17, 565 ÷ 12 ಅಂತ ಬರೆಯುತ್ತಿದ್ದರು. 33, 47, ಮತ್ತೆ ಎತ್ತರದ 56. ಮೂರು ಬೇರೆ ಬೇರೆ. "ಪಾಸು" ಅಂದರು.

ಹೋದ ವಾರ ಫೋನ್ ಮಾಡಿದ್ದರು. ಹಿಂದೆ ಹಾಡು ಕೇಳುತ್ತಿತ್ತು. ಒಂದು ಹಳೆಯ ರೆಕಾರ್ಡಿಂಗಿನಲ್ಲಿ ಪಲ್ಲವಿಯ ಮೊದಲು ಗಾಯಕ ಉಸಿರೆಳೆದುಕೊಳ್ಳುವುದು ಕೇಳುತ್ತಂತೆ, ಇಷ್ಟು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲವಂತೆ. ಕಿವಿ ರಿಪೋರ್ಟ್ ಎಲ್ಲಿ ಮಾವ ಅಂದೆ.

"ಯಾವ ರಿಪೋರ್ಟು?" ಅಂದರು.